ದಾರದ ಭಾನುವಾರಗಳು

ಕೂದಲು ಸುಟ್ಟ ವಾಸನೆ ಬಂದರೆ ನನಗೆ ಈಗಲೂ ನಮ್ಮಕ್ಕನ ನೆನಪು. ಅವಳು ಕಬ್ಬಿಣದ ಇಕ್ಕಳವನ್ನು ಒಲೆಯಲ್ಲಿ ಕಾಯಿಸಿ ಮುಂಗೂದಲನ್ನು ಗುಂಗುರು ಮಾಡಿಕೊಳ್ಳುತ್ತಿದ್ದಳು. ಕೆಲವು ದಿನ ಗುಂಗುರಾಗುತ್ತಿತ್ತು, ಕೆಲವು ದಿನ ಇಕ್ಕಳದ ಜೊತೆಗೇ ಕೂದಲೂ ಬರುತ್ತಿತ್ತು. ವಾಸನೆ ಅಮ್ಮನವರೆಗೆ ಹೋಗದಿರಲೆಂದು ಕಿಟಕಿಯ ಬಳಿ ನಿಂತು ಟವೆಲ್ ಬೀಸುವುದು ನನ್ನ ಕೆಲಸ.

ಅರವತ್ತು ವರ್ಷಗಳ ನಂತರ ಅದೇ ವಾಸನೆ ಚರ್ಮದ ಆಸ್ಪತ್ರೆಯ ಎರಡನೇ ಮಹಡಿಯ ಕೋಣೆಯಲ್ಲಿ ಬಂತು. ಮೊಮ್ಮಗಳು ಎತ್ತರದ ಮಂಚದ ಮೇಲೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮಲಗಿದ್ದಳು. ನರ್ಸ್ ಅವಳ ಗಲ್ಲಕ್ಕೆ ತಣ್ಣನೆಯ ಜೆಲ್ ಸವರಿ ಲೇಸರ್ ಯಂತ್ರದ ಮೂತಿಯನ್ನು ಒತ್ತಿ ಒತ್ತಿ ಎತ್ತುತ್ತಿದ್ದಳು. ನನಗೂ ಒಂದು ಕಪ್ಪು ಕನ್ನಡಕ ಕೊಟ್ಟು, ಕೇಳದೆಯೇ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಟ್ಟಿದ್ದಳು.

"ನೋವಾಗ್ತಿದೆಯೇನೆ?" ಎಂದೆ.

"ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗಿದೆ ಅಜ್ಜಿ, ಅಷ್ಟೇ. ನೀನು ಗೋಡೆ ನೋಡ್ತಾ ಕೂತ್ಕೋ."

"ನನ್ನ ಗಲ್ಲದಲ್ಲೂ ನಾಲ್ಕು ಕೂದಲಿವೆಯಮ್ಮ, ಒಟ್ಟಿಗೇ ಮುಗಿಸಿಬಿಡು," ಎಂದೆ ನರ್ಸ್‌ಗೆ.

"ನಿಮ್ಮದು ಬೆಳ್ಳಗಾಗಿವೆ ಅಜ್ಜಿ. ಇದಕ್ಕೆ ಕಪ್ಪು ಕೂದಲು ಮಾತ್ರ ಕಾಣೋದು, ಬಿಳಿಗೆ ಕುರುಡು."

"ಸಿಸ್ಟರ್, ನಮ್ಮಜ್ಜಿ ಗಡ್ಡ ಸೀನಿಯರ್ರು, ಮುಟ್ಟೋ ಹಾಗಿಲ್ಲ," ಎಂದಳು ಮೊಮ್ಮಗಳು ಮಲಗಿದ್ದಲ್ಲಿಂದಲೇ.

ಉದ್ದ ಕಾಲುಗಳ ಈ ಹುಡುಗಿಯನ್ನು ಮನೆಯಲ್ಲಿ ಎಲ್ಲರೂ ಮಿಡತೆ ಎಂದೇ ಕರೆಯುವುದು. ಕನ್ನಡಕದ ಅಂಗಡಿಯಲ್ಲಿ ಕೆಲಸ ಸಿಕ್ಕ ಮೇಲೆ ನನ್ನ ಜೊತೆಗೇ ಇದ್ದಾಳೆ. ಅವಳದು ಮುಖಕ್ಕೆ ಮುಖ ಹತ್ತಿರ ತಂದು ಮಾಡುವ ಕೆಲಸ. ಕನ್ನಡಕ ಕಿವಿಯ ಹಿಂದೆ ಸರಿಯಾಗಿ ಕೂತಿದೆಯೇ, ಮೂಗಿನ ಮೇಲೆ ಒತ್ತುತ್ತಿದೆಯೇ ಎಂದು ಒಂದು ಗೇಣು ದೂರದಿಂದ ನೋಡಬೇಕು. ಎಷ್ಟು ತೆಗೆದರೂ ಅವಳ ಗಲ್ಲದ ಕೆಳಗೆ ಒರಟಾದ ಕಪ್ಪು ಕೂದಲು ಬೆಳೆಯುತ್ತಿತ್ತು. ಹಾರ್ಮೋನಿನ ಏರುಪೇರು ಎಂದಿದ್ದರು ಡಾಕ್ಟರು. ಒಂದು ದಿನ ಕನ್ನಡಕ ಹಾಕಿಸಿಕೊಂಡ ಮಗುವೊಂದು, ಲೋಕ ಮೊದಲ ಸಲ ಸ್ಪಷ್ಟವಾಗಿ ಕಂಡ ಖುಷಿಯಲ್ಲಿ, "ಅಮ್ಮ, ಈ ಅಕ್ಕಂಗೆ ಗಡ್ಡ ಇದೆ," ಎಂದಿತು. ಅಂದಿನಿಂದ ಮಿಡತೆ ಮಾಸ್ಕ್ ಹಾಕಿಕೊಂಡೇ ಅಂಗಡಿಗೆ ಹೋಗುತ್ತಿದ್ದಳು.

"ನುಣ್ಣಗಾಗಲೇಬೇಕು ಅಂತಿಲ್ಲ ಅಜ್ಜಿ," ಎಂದಿದ್ದಳು ನನಗೆ. "ಅವರ ಕಣ್ಣು ನೋಡೋವಾಗ ನನ್ನ ಗಲ್ಲ ನನಗೆ ಮರೆತುಹೋಗಬೇಕು. ಅಷ್ಟು ಸಾಕು."

ಮೊದಲ ಸಲ ಮುಗಿಸಿ ಬಂದ ಸಂಜೆ, ಆಸ್ಪತ್ರೆಯವರು ಕೊಟ್ಟ ಸೂಚನೆಗಳ ಹಾಳೆಯನ್ನು ನನ್ನ ಕಡೆ ನೂಕಿ, "ನೀನೇ ಓದಿ ಹೇಳು. ದಿನವಿಡೀ ಸಣ್ಣಕ್ಷರದ ಬೋರ್ಡು ತೋರಿಸಿ ತೋರಿಸಿ ಸಾಕಾಗಿದೆ," ಎಂದು ಸೋಫಾದ ಮೇಲೆ ಕಾಲು ಚಾಚಿದಳು.

ನಾನು ಮೂವತ್ತು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವಳು. ಬಿಟ್ಟುಹೋದ ಪದವನ್ನು ಹಿಡಿಯುವುದೇ ನನ್ನ ಸಂಬಳದ ಕೆಲಸವಾಗಿತ್ತು. ಹಾಳೆಯಲ್ಲಿ ಸ್ಪಷ್ಟವಾಗಿಯೇ ಇತ್ತು: ಚಿಕಿತ್ಸೆ ಮುಗಿಯುವವರೆಗೆ ಚಿಮಟ, ವ್ಯಾಕ್ಸ್, ದಾರ ಯಾವುದರಿಂದಲೂ ಕೂದಲು ಕೀಳಬಾರದು, ರೇಜರ್ ಮಾತ್ರ ಬಳಸಬಹುದು, ಬೇರು ಒಳಗಿದ್ದರೆ ಮಾತ್ರ ಲೇಸರ್ ಅದನ್ನು ಸುಡಬಲ್ಲದು.

"ಚಿಮಟ ಬೇಡ, ವ್ಯಾಕ್ಸ್ ಬೇಡ ಅಂತಿದೆ," ಎಂದು ಓದಿದೆ.

"ದಾರ?"

"ದಾರದ ಮಾತಿಲ್ಲ. ದಾರ ಕೀಳೋದಿಲ್ಲವಲ್ಲ, ಕತ್ತರಿಸುತ್ತೆ. ರೇಜರ್ ಇದ್ದ ಹಾಗೆ."

ಅವಳು ನಂಬಿದಳು. ಹದಿನಾಲ್ಕನೇ ವಯಸ್ಸಿನಿಂದ, ಅವಳು ರಜೆಗೆ ಬಂದಾಗೆಲ್ಲ, ಅವಳ ಗಲ್ಲಕ್ಕೆ ದಾರ ಆಡಿಸಿದವಳು ನಾನೇ ಅಲ್ಲವೇ?

ಯಾಕೆ ಹಾಗೆಂದೆ? ಭಾನುವಾರಗಳಿಗಾಗಿ. ವಾರವೆಲ್ಲ ಅವಳು ಬಾಗಿಲಲ್ಲೇ ಚಪ್ಪಲಿ ಮೆಟ್ಟುತ್ತಾ "ಬರ್ತೀನಿ ಅಜ್ಜಿ" ಎನ್ನುವವಳು, ರಾತ್ರಿ ಫೋನ್ ಹಿಡಿದು ಉಣ್ಣುವವಳು. ಭಾನುವಾರ ಬೆಳಿಗ್ಗೆ ಮಾತ್ರ ನನ್ನ ತೊಡೆಯ ಮೇಲೆ ತಲೆಯಿಟ್ಟು ಗಲ್ಲ ಎತ್ತಿ ಮಲಗುತ್ತಿದ್ದಳು. ನಾನು ಹೊಲಿಗೆ ದಾರದ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬೆರಳುಗಳಿಗೆ ಸುತ್ತಿ ತಿರುಚುತ್ತಿದ್ದೆ. ನನ್ನ ಬಾಯಿ ಕಟ್ಟಿರುತ್ತಿದ್ದರಿಂದ ಮಾತೆಲ್ಲ ಅವಳದೇ. ಅಂಗಡಿಯ ಯಜಮಾನರ ಜಿಪುಣತನ, ತಲೆಯ ಮೇಲೆ ಕನ್ನಡಕ ಇಟ್ಟುಕೊಂಡೇ ಕನ್ನಡಕ ಕಳೆದಿದೆಯೆಂದು ಬಂದ ಮೇಷ್ಟ್ರು, ಇಷ್ಟವಾದ ಹುಡುಗ, ಇಷ್ಟವಿಲ್ಲದಾದ ಅದೇ ಹುಡುಗ. ಲೇಸರ್ ಫಲಿಸಿದರೆ ಈ ತಲೆ ಯಾಕೆ ನನ್ನ ತೊಡೆಗೆ ಬರುತ್ತದೆ?

ಎರಡನೇ ಸಲ ಆ ಕೋಣೆಯಲ್ಲಿ ವಾಸನೆ ಅಷ್ಟಾಗಿ ಬರಲಿಲ್ಲ. ಮೂರನೇ ಸಲ ಬರಲೇ ಇಲ್ಲ. ಸುಡಲು ಒಳಗೆ ಕೂದಲಿನ ಬೇರೇ ಇರಲಿಲ್ಲ. ಅದು ಗೊತ್ತಿದ್ದವಳು ನಾನೊಬ್ಬಳೇ. ನರ್ಸ್ ಪ್ರತಿ ಸಲವೂ "ಕಿತ್ತಿಲ್ಲ ತಾನೆ?" ಎಂದು ಕೇಳುತ್ತಿದ್ದಳು. ಮಿಡತೆ ಪೂರ್ಣ ನಂಬಿಕೆಯಿಂದ "ಇಲ್ಲ" ಎನ್ನುತ್ತಿದ್ದಳು. ನಾನು ಗೋಡೆ ನೋಡುತ್ತಿದ್ದೆ.

ಐದನೇ ಸಲ ಡಾಕ್ಟರು ಅವಳ ಗಲ್ಲವನ್ನು ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು.

"ಇಷ್ಟು ಹೊತ್ತಿಗೆ ಅರ್ಧವಾದರೂ ಕಡಿಮೆಯಾಗಿರಬೇಕಿತ್ತು. ಪೂರ್ತಿ ಹೋಗುತ್ತೆ ಅಂತ ನಾನು ಯಾರಿಗೂ ಹೇಳೋದಿಲ್ಲ. ತೆಳುವಾಗುತ್ತೆ, ನಿಧಾನಕ್ಕೆ ಬೆಳೆಯುತ್ತೆ, ವರ್ಷಕ್ಕೆ ಒಂದೆರಡು ಸಲ ಬಂದು ಹೋಗಬೇಕಾಗುತ್ತೆ. ಆದರೆ ನಿಮಗೆ ಏನೂ ಕಡಿಮೆಯಾಗಿಲ್ಲ. ಕೆಲವರ ದೇಹಕ್ಕೆ ಹಿಡಿಯೋದಿಲ್ಲ. ಸುಮ್ಮನೆ ಮುಂದುವರಿಸೋದು ಬೇಡ ಅನ್ಸುತ್ತೆ."

ಮಿಡತೆ ತಲೆಯಾಡಿಸಿದಳು. "ನನಗೂ ಹಾಗೇ ಅನ್ನಿಸ್ತಿತ್ತು ಡಾಕ್ಟ್ರೇ. ನನ್ನ ದೇಹವೇ ಇಷ್ಟು," ಎಂದು ಮಾಸ್ಕ್‌ನ ದಾರವನ್ನು ಒಂದು ಕಿವಿಗೆ ಸಿಕ್ಕಿಸಿಕೊಂಡಳು.

ಇನ್ನೊಂದು ಕಿವಿಗೂ ಸಿಕ್ಕಿಸಿಕೊಂಡು ಅವಳು ಎದ್ದುಬಿಟ್ಟರೆ ನನ್ನ ಭಾನುವಾರಗಳು ನಾನು ಸಾಯುವವರೆಗೂ ನನ್ನವೇ. ಆ ಲೆಕ್ಕ ನನ್ನ ತಲೆಯಲ್ಲಿ ಹಾದುಹೋಯಿತು ಎಂದು ಬರೆಯಲು ನಾಚಿಕೆಯಾಗುತ್ತದೆ. ಆದರೆ ಹಾದುಹೋಯಿತು.

"ನಾನು ದಾರ ಆಡಿಸಿದ್ದೀನಿ," ಎಂದೆ. "ಪ್ರತಿ ಭಾನುವಾರ. ಹಾಳೆಯಲ್ಲಿ ಬೇಡ ಅಂತಿತ್ತು. ಆ ಪದ ನಾನು ಅವಳಿಗೆ ಓದಿ ಹೇಳಲಿಲ್ಲ."

ಡಾಕ್ಟರು ಬೈಯಲಿಲ್ಲ. ನೀರಿನ ಲೋಟವನ್ನು ನನ್ನ ಕಡೆ ಸರಿಸಿ, "ಇವತ್ತು ಲೇಸರ್ ಬೇಡ. ಆರು ವಾರ ಬರೀ ರೇಜರ್. ಆಮೇಲೆ ಇದೇ ಮೊದಲ ಸಲ ಅಂದ್ಕೊಂಡು ಶುರು ಮಾಡೋಣ," ಎಂದು ಮಿಡತೆಗೆ ಹೇಳಿದರು. ನರ್ಸ್ ಅರ್ಧ ತೆರೆದಿದ್ದ ಬಾಗಿಲನ್ನು ಸದ್ದಾಗದಂತೆ ಮುಚ್ಚಿದಳು.

ಬಸ್ಸಿನಲ್ಲಿ ಮಿಡತೆ ನನಗೆ ಸೀಟು ಹಿಡಿದುಕೊಟ್ಟು, ತಾನು ಮೂರು ಸಾಲು ಮುಂದೆ ಹೋಗಿ ನಿಂತಳು. ಮನೆಯ ಮೆಟ್ಟಿಲ ಬಳಿ ಬಂದಾಗ ಕೇಳಿದಳು.

"ಯಾಕಜ್ಜಿ?"

"ನೀನು ಬಂದು ಮಲಗೋದು ನಿಂತುಹೋಗುತ್ತೆ ಅಂತ."

"ಬಾರೇ ಅಂತ ಕರೆದಿದ್ರೆ ಬರ್ತಿರಲಿಲ್ವಾ?"

ಕರೆಯಬಹುದೆಂದು ನನಗೆ ಹೊಳೆದೇ ಇರಲಿಲ್ಲ.

"ಐದು ತಿಂಗಳು ಕನ್ನಡಿ ಮುಂದೆ ನಿಂತು ನನ್ನನ್ನೇ ಬೈಕೊಂಡೆ," ಎಂದಳು. "ಎಲ್ಲರಿಗೂ ಆಗುತ್ತೆ, ನನಗೆ ಮಾತ್ರ ಯಾಕಿಲ್ಲ ಅಂತ. ಅದನ್ನೂ ನಿನ್ನ ತೊಡೆ ಮೇಲೆ ಮಲಗಿಯೇ ಹೇಳಿದ್ದೆ."

ಹೌದು, ಹೇಳಿದ್ದಳು. ಆಗ ನನ್ನ ಹಲ್ಲಿನಲ್ಲಿ ದಾರವಿತ್ತು.

ಆ ವಾರ ಅವಳು ಬೇಕಾದಷ್ಟೇ ಮಾತಾಡಿದಳು. ಗ್ಯಾಸ್ ಬಂತು, ಹಾಲು ತಂದಿದ್ದೀನಿ, ಬಾಗಿಲು ಹಾಕ್ಕೋ. ನನ್ನ ಮಾತ್ರೆಗಳನ್ನು ಎಂದಿನಂತೆ ಡಬ್ಬಿಗೆ ತುಂಬಿಟ್ಟಳು, ಆದರೆ ತಮಾಷೆಯಿಲ್ಲದೆ. ಭಾನುವಾರ ಬಚ್ಚಲಿನ ಬಾಗಿಲು ಹಾಕಿಕೊಂಡು ರೇಜರ್ ಬಳಸುವ ಸದ್ದು ಕೇಳಿತು. ತಪ್ಪಾಯಿತೆಂದು ಎರಡು ಸಲ ಹೇಳಿದ್ದೆ. ಮೂರನೆಯ ಸಲ ಹೇಳಿದರೆ ಅವಳಿಂದ ಸಮಾಧಾನ ಮಾಡಿಸಿಕೊಳ್ಳಲು ಹೇಳಿದಂತಾಗುತ್ತದೆ ಎಂದು ಸುಮ್ಮನಾದೆ.

ಮಧ್ಯಾಹ್ನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದಾಯಿತು. ಹಸಿವಿಲ್ಲವೆಂದು ಕೂಗಿ ಹೇಳಿ ಕಿಟಕಿಯ ಬಳಿಯೇ ಕೂತಿದ್ದೆ. ಅವಳು ಬಂದಳು. ಗಲ್ಲದಲ್ಲಿ ಒಂದು ಕಡೆ ರೇಜರ್ ತಾಗಿ ಕೆಂಪಗೆ ಗೀರಾಗಿತ್ತು. ನನ್ನ ಮುಖ ನೋಡಲಿಲ್ಲ. ಕಲಸಿದ ಅನ್ನದ ತಟ್ಟೆಯನ್ನು ನನ್ನ ಕೈಗಿಟ್ಟು, ನಾನು ಸರಿಯಾಗಿ ಹಿಡಿಯುವವರೆಗೂ ತನ್ನ ಕೈ ಬಿಡದೆ ನಿಂತಿದ್ದಳು.