ಆ ದಂಡಿಯ ಕೂಸು

ಸವುಳ ಹಳ್ಳಕ್ಕೆ ಮಳೆಗಾಲದಲ್ಲಿ ಎದೆಮಟ ನೀರು, ಬೇಸಿಗೆಯಲ್ಲಿ ಹಿಮ್ಮಡ ಮುಳುಗುವಷ್ಟು. ಎರಿಹಾಳದ ಅರ್ಧ ಊರು ಈ ದಂಡಿಯಲ್ಲಿ, ಇನ್ನರ್ಧ ಆ ದಂಡಿಯಲ್ಲಿ. ಹೊಲದ ಉತಾರದ ಕಾಗದ ಬೇಕಾದರೆ ಈ ದಂಡಿಯವರು ಬಸವನ ಬಾಗೇವಾಡಿಗೆ ಹೋಗಬೇಕು, ಆ ದಂಡಿಯವರು ಮುದ್ದೇಬಿಹಾಳಕ್ಕೆ. ಮಿಕ್ಕಿದ್ದಕ್ಕೆಲ್ಲ ಊರು ಒಂದೇ. ಒಂದೇ ಹಿಟ್ಟಿನ ಗಿರಣಿ, ಒಂದೇ ಹನುಮಪ್ಪ, ಒಂದೇ ಸುಡುಗಾಡು. ಹಳ್ಳ ದಾಟುವಾಗ ತಾಲೂಕು ದಾಟಿದೆವೆಂದು ಮನುಷ್ಯರಿಗೂ ಅನ್ನಿಸಿದ್ದಿಲ್ಲ, ಕೋಳಿಗಳಿಗೂ ಅನ್ನಿಸಿದ್ದಿಲ್ಲ.

ರುಕ್ಮವ್ವನ ಮನೆ ಈ ದಂಡಿಯಲ್ಲಿ. ಅದಕ್ಕೆ ಎದುರಾಗಿ ಆ ದಂಡಿಯಲ್ಲಿ ಹುಲಿಗೆವ್ವನ ಮನೆ. ಮುಂಜಾನೆ ಅಂಗಳ ಕಸ ಹೊಡೆಯುವಾಗ ಇಬ್ಬರೂ ನೀರಿನ ಮೇಲಿಂದಲೇ ಮಾತಾಡುತ್ತಾರೆ. ಈಚೆಯ ಮಾತು ಆಚೆ ತಲುಪುವಷ್ಟರಲ್ಲಿ ಸ್ವಲ್ಪ ಒದ್ದೆಯಾಗಿರುತ್ತದೆ ಅನ್ನಿಸುತ್ತದೆ.

ಕೋಮಲ ಉಣ್ಣುವುದು, ಮಲಗುವುದು ರುಕ್ಮವ್ವನ ಮನೆಯಲ್ಲಿ. ಜ್ವರ ಬಂದರೆ ಹಣೆಗೆ ಒದ್ದೆ ಅರಿವೆ ಹಾಕುವಾಕೆ ರುಕ್ಮವ್ವ. ತಲೆಗೆ ಎಣ್ಣೆ ಹಚ್ಚಿ ಜಡೆ ಎಳೆದು ಹೆಣೆಯುವಾಕೆಯೂ ಅವಳೇ. ಆದರೆ ಕೋಮಲ ಅವಳನ್ನು ಕರೆಯುವುದು "ಚಿಗವ್ವ" ಎಂದು. "ಅವ್ವ" ಅನ್ನುವುದು ಆ ದಂಡಿಯ ಹುಲಿಗೆವ್ವನಿಗೆ. ರುಕ್ಮವ್ವನ ಗಂಡ ಪರಸಪ್ಪ ಅವಳಿಗೆ "ಕಾಕಾ".

ಕಾರಣ ಊರಿಗೆಲ್ಲ ಗೊತ್ತು. ರುಕ್ಮವ್ವನಿಗೆ ಮೂರು ಕೂಸು ಹುಟ್ಟಿ ಮೂರೂ ನಿಲ್ಲಲಿಲ್ಲ. ನಾಲ್ಕನೆಯದನ್ನು ಬಾಗೇವಾಡಿಯ ದವಾಖಾನೆಯಲ್ಲಿ ಹಡೆದು ಮನೆಗೆ ತಂದ ದಿನ ಅತ್ತೆ ಹೊಸ್ತಿಲಲ್ಲೇ ತಡೆದಿದ್ದಳು. "ಇದನ್ನ ನಿಂದಂತ ಒಳಗ ತರಬ್ಯಾಡ. ಮಾರಿಬಿಡು." ಮಕ್ಕಳು ನಿಲ್ಲದ ಮನೆಯಲ್ಲಿ ಕೂಸನ್ನು ಮಾರುವುದು ಆ ಸೀಮೆಯ ಹಳೆಯ ಪದ್ಧತಿ. ಹಡೆದವೆಲ್ಲ ಉಳಿದಂಥ ಒಬ್ಬಾಕೆ ಬಂದು ಒಂದು ಸೇರು ತೌಡು ಕೊಟ್ಟು ಕೊಳ್ಳುತ್ತಾಳೆ. ಹನ್ನೆರಡು ತುಂಬುವತನಕ ಕೂಸು ಕೊಂಡವಳದು. ಹಡೆದವಳು ಅದನ್ನು ಸಾಕಬಹುದು, ಸಲಹಬಹುದು. 'ನಂದು' ಅಂತ ಮಾತ್ರ ಬಾಯಿ ಬಿಡಬಾರದು. ಬಿಟ್ಟರೆ, ಮೊದಲಿನ ಕೂಸುಗಳನ್ನು ಒಯ್ದ ಪೀಡೆಗೆ ಮನೆಯ ಗುರುತು ಸಿಗುತ್ತದೆ.

ಹುಲಿಗೆವ್ವ ಏಳು ಹಡೆದು ಏಳನ್ನೂ ಉಳಿಸಿಕೊಂಡಾಕೆ. ಸೆರಗಿನಲ್ಲಿ ತೌಡು ಕಟ್ಟಿಕೊಂಡು ಹಳ್ಳ ದಾಟಿ ಬಂದು, "ಬಾರವ್ವಾ ನನ್ನ ಕರೀ ಎಮ್ಮಿ" ಎಂದು ಕೂಸನ್ನು ಎತ್ತಿಕೊಂಡಿದ್ದಳು. ಆ ದಿನದಿಂದ ಇಂದಿನವರೆಗೆ ರುಕ್ಮವ್ವ ಮಾತು ತಪ್ಪಿರಲಿಲ್ಲ. ಸಂತೆಯಲ್ಲಿ ಯಾರಾದರೂ "ಮಗಳೇನು?" ಅಂದರೆ, "ಹುಲಿಗೆವ್ವಂದರಿ" ಅನ್ನುತ್ತಿದ್ದಳು. ಹಾಗೆ ಅಂದಾಗೊಮ್ಮೆ ಎದೆಯೊಳಗೆ ಒಂದು ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಒಳಗೆ ಕೂಸು ಸುರಕ್ಷಿತ.

ಅದಕ್ಕೇ ಒಂದನೇತ್ತೆಗೆ ಹೆಸರು ಹಚ್ಚಿಸುವಾಗ ಸಾಲಿಗೆ ಹೋದವಳೂ ಹುಲಿಗೆವ್ವನೇ. ತಾಯಿ ಹೆಸರು ಕೇಳಿದಾಗ ತನ್ನದು ಹೇಳಿದಳು, ತಂದೆಗೆ ತನ್ನ ಗಂಡ ಮಾಳಿಂಗರಾಯನದು. ಆಧಾರ ಮಾಡಿಸಿದ್ದೂ ಆ ದಂಡಿಯ ಪಂಚಾಯತಿಯಲ್ಲಿ, ಅವಳೇ. ಸುಳ್ಳು ಹೇಳಿದೆನೆಂದು ಅವಳಿಗೆ ಅನ್ನಿಸಲಿಲ್ಲ, ಊರವರಿಗೂ ಅನ್ನಿಸಲಿಲ್ಲ. ಕೊಂಡ ಎಮ್ಮೆಗೆ ಮಾರಿದವನ ಹೆಸರನ್ನು ಯಾರು ಬರೆಸುತ್ತಾರೆ?

ಈಗ ಕೋಮಲ ಐದನೇತ್ತೆ ಮುಗಿಸಿದ್ದಳು. ಬಾಗೇವಾಡಿಯಲ್ಲಿ ಪರೀಕ್ಷೆ ಬರೆದು ಸೇರುವ ಸರಕಾರಿ ಸಾಲಿ ಒಂದಿತ್ತು, ಆರನೇತ್ತೆಯಿಂದ ಹತ್ತನೇತ್ತೆವರೆಗೆ. ತಾಲೂಕಿನ ಮಕ್ಕಳಿಗಷ್ಟೇ. ಈ ದಂಡಿಯ ಸಾಲಿಗೆ ಮನಗೂಳಿಯಿಂದ ದಿನಾ ಬಸ್ಸಿಗೆ ಬರುವ ಜಯಮಾಲಾ ಅಕ್ಕೋರು ಊರಿನ ಆರು ಮಕ್ಕಳಿಂದ ಪರೀಕ್ಷೆ ಬರೆಸಿದ್ದರು. ಆಯ್ಕೆಯಾದವರ ಯಾದಿಯಲ್ಲಿ ಬಂದದ್ದು ಒಂದೇ ಹೆಸರು. ಅಕ್ಕೋರು ಮೊಬೈಲು ಹಿಡಿದು ಓಡಿ ಬಂದಾಗ ರುಕ್ಮವ್ವ ರೊಟ್ಟಿ ಬಡಿಯುತ್ತಿದ್ದಳು. "ನಿಮ್ಮ ಕೋಮಲಾಗ ಸೀಟು ಬಂತು!" ಅಂದರು ಅಕ್ಕೋರು. ರುಕ್ಮವ್ವ ಹಿಟ್ಟಿನ ಕೈ ಎತ್ತಿ ಹಳ್ಳದ ಕಡೆ ತೋರಿಸಿದಳು. "ಅಲ್ಲಿ ಹೇಳ್ರಿ ಅಕ್ಕೋರ, ಅವರವ್ವಗ."

ಬುಧವಾರ ಕಾಗದಪತ್ರ ನೋಡುವ ದಿನ. ಹುಲಿಗೆವ್ವ, ಕೋಮಲ, ರುಕ್ಮವ್ವ ಮೂವರೂ ಬಾಗೇವಾಡಿಗೆ ಹೋದರು. ಹುಲಿಗೆವ್ವ ತಾಯಿಯಾಗಿ ಕೋಮಲಳನ್ನು ಕರೆದುಕೊಂಡು ಒಳಗೆ ಹೋದಳು. ರುಕ್ಮವ್ವ ಚಿಗವ್ವನಾಗಿ ಹೊರಗೆ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕೂತಳು. ಬೇವಿನ ನೆರಳು ಅವಳ ಕಾಲ ಮೇಲೆ ಈಜಾಡುತ್ತಿತ್ತು. ಒಳಗಿನ ಮಾತೆಲ್ಲ ಕೇಳುತ್ತಿತ್ತು.

ಕಾಗದ ನೋಡುವ ಅಬ್ದುಲರಜಾಕ ಸಾಹೇಬರು ಚಷ್ಮಾ ಮೂಗಿನ ತುದಿಗೆ ಇಳಿಸಿಕೊಂಡು ಅಂದರು. "ಆಧಾರ ಮುದ್ದೇಬಿಹಾಳ ತಾಲೂಕಿಂದೈತಿ. ತಾಯಿತಂದಿನೂ ಆ ತಾಲೂಕಿನವ್ರು. ಇದು ಬಾಗೇವಾಡಿ ತಾಲೂಕಿನ ಮಕ್ಕಳ ಸಾಲಿ ಐತೆವ್ವ."

"ಕೂಸು ದಿನಾ ಈ ದಂಡಿಯಾಗ ಉಣತೈತ್ರಿ, ಸಾಹೇಬ್ರ."

"ಉಂಡದ್ದಕ್ಕ ದಾಖಲೆ ಇರೂದಿಲ್ಲ."

"ಹಂಗಾರ ಮುದ್ದೇಬಿಹಾಳದಾಗ ಕೊಡಸ್ರಿ."

"ಅಲ್ಲಿ ಪರೀಕ್ಷಾ ಬರದಿಲ್ಲಲ್ಲ?"

"ಈ ಕಡೆನೂ ಅಲ್ಲ, ಆ ಕಡೆನೂ ಅಲ್ಲ. ಹಂಗಾರ ನಮ್ಮ ಹುಡುಗಿ ಹಳ್ಳದಾಗ ಕುಂತು ಕಲೀಬೇಕೇನ್ರಿ?"

ಪಾಳಿಯಲ್ಲಿ ನಿಂತವರು ನಕ್ಕರು. ಹುಲಿಗೆವ್ವ ಬೇರೆ ಉಪಾಯ ಕಾಣದೆ ತೌಡಿನ ಕತೆಯನ್ನೆಲ್ಲ ಹೇಳಿಬಿಟ್ಟಳು. ಸಾಹೇಬರು ಪೆನ್ನು ಕೆಳಗಿಟ್ಟು ಕೇಳಿದರು.

"ನಮ್ಮ ದೊಡ್ಡಣ್ಣನ್ನೂ ಹಿಂಗ ಫಕೀರನ ಜೋಳಿಗ್ಯಾಗ ಹಾಕಿ ತಗೊಂಡಿದ್ರು," ಅಂದರು. "ನನಗ ತಿಳೀತು. ಆದ್ರ ಈ ಕಂಪ್ಯೂಟರಿಗೆ ತೌಡು ತಿಳಿಯೂದಿಲ್ಲ. ಹುಟ್ಟಿದ ದಾಖಲೆ ಇದ್ರ ತಗೊಂಡು, ಹಡದಾಕಿ ಬಂದು 'ಇದು ನನ್ನ ಕೂಸು' ಅಂತ ಬರಕೊಡ್ಲಿ. ಶನಿವಾರ ನಾಕರ ಒಳಗ. ಇಲ್ಲಂದ್ರ ಸೀಟು ಕೆಳಗಿನ ಹೆಸರಿಗೆ ಹೋಗತೈತಿ."

ಹುಲಿಗೆವ್ವ ತಿರುಗಿ ಕಿಟಕಿಯ ಸರಳಿನ ನಡುವೆ ನೋಡಿದಳು. ರುಕ್ಮವ್ವ ತಲೆ ಎತ್ತಲಿಲ್ಲ. ಕಟ್ಟೆಯ ಬಿರುಕಿನಲ್ಲಿ ಇರುವೆಗಳು ಒಂದು ಜೋಳದ ನುಚ್ಚನ್ನು ಒಯ್ಯುತ್ತಿದ್ದವು. ಅದನ್ನೇ ನೋಡುತ್ತ ಕೂತಳು.

ಹುಟ್ಟಿದ ದಾಖಲೆ ಇತ್ತು. ಮನೆಯ ಟ್ರಂಕಿನ ತಳದಲ್ಲಿ, ಅತ್ತೆಯ ಇಳಕಲ್ ಸೀರೆಯ ಮಡಿಕೆಯಲ್ಲಿ. ತಾಯಿ ರುಕ್ಮವ್ವ, ತಂದೆ ಪರಸಪ್ಪ. ಹನ್ನೊಂದೂವರೆ ವರ್ಷದಲ್ಲಿ ಅವಳು ಅದನ್ನು ಒಮ್ಮೆಯೂ ಹೊರಗೆ ತೆಗೆದಿರಲಿಲ್ಲ.

ಆ ಸಂಜೆ ಗಂಡ ಪರಸಪ್ಪ ಎತ್ತಿನ ಮೈ ಉಜ್ಜುತ್ತ ಅಂದ. "ಬನದ ಹುಣ್ಣಿವಿಗೆ ಹನ್ನೆರಡು ತುಂಬತಿದ್ವು. ಏಳು ತಿಂಗಳು. ಸರಕಾರಕ್ಕ ಯಾಕ ಇಷ್ಟು ಗಡಿಬಿಡಿ ಅಂತೇನಿ."

"ಬರಕೊಡೂದೋ ಬ್ಯಾಡೋ, ಅದನ್ನ ಹೇಳು."

"ನೀ ಹೆಂಗಂತಿ ಹಂಗ."

"ಹೂಂ. ಎಲ್ಲಾ ನನ್ನ ತಲಿಮ್ಯಾಲ ಹಾಕು. ಎತ್ತಿನ ಮೈ ತೊಳಿ ನೀ, ಚೊಲೊ ಆಗತೈತಿ."

ಗುರುವಾರ ಮಧ್ಯಾಹ್ನ ರುಕ್ಮವ್ವನಿಗೆ ಪಡಸಾಲೆಯಲ್ಲಿ ಕಣ್ಣು ಹತ್ತಿತು. ಹೊರಗೆ ಎರಿಯ ಕರಿ ಮಣ್ಣಿನ ಹೊಲದ ಮೇಲೆ ಬಿಸಿಲು ನೀರಿನ ಹಾಗೆ ನಡುಗುತ್ತಿತ್ತು. ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಬಿಸಿಲಿನ ಆ ನೀರು ಏರಿ ಏರಿ ಅಂಗಳಕ್ಕೆ ಬಂತು. ಹಳ್ಳ ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ತಿಳಿಯದಾಯಿತು. ನೀರೊಳಗೆ ಮೂರು ಕೂಸುಗಳು ಮೊಣಕಾಲಮಟ ನಿಂತಿದ್ದವು. ಅವಕ್ಕೆ ಮುಖವಿರಲಿಲ್ಲ, ಮುಖ ಮೂಡುವಷ್ಟು ದಿನ ಅವು ಇರಲಿಲ್ಲವಲ್ಲ. ಮೂರೂ ಕೈ ಚಾಚಿದ್ದವು. ರುಕ್ಮವ್ವ ಭಯಪಟ್ಟು ಕೋಮಲಳನ್ನು ಬೆನ್ನ ಹಿಂದೆ ಎಳೆದುಕೊಳ್ಳಲು ಹೋದರೆ, ಕೋಮಲ ಅಲ್ಲಿರಲಿಲ್ಲ. ನೀರಿನ ನಟ್ಟನಡುವೆ ಪಾಟಿಚೀಲ ತಲೆಯ ಮೇಲೆ ಹೊತ್ತು ನಿಂತಿದ್ದಳು, ಯಾವ ದಂಡಿಗೂ ಬರದೆ. ಬಾ ಅಂತ ಕೂಗಬೇಕು. ಏನಂತ ಕೂಗಬೇಕು? ಬಾಯಿ ತೆರೆದರೆ ಬರುವ ಮಾತು ಒಂದೇ, ಅದು ಅನ್ನಬಾರದ ಮಾತು.

ಎದ್ದಾಗ ಸೆರಗೆಲ್ಲ ಬೆವರು. ಕೋಮಲ ಬಾಗಿಲಲ್ಲಿ ಕೂತು ಹಳೆಯ ನೋಟುಬುಕ್ಕಿನಲ್ಲಿ ಉಳಿದ ಖಾಲಿ ಹಾಳೆಗಳನ್ನು ಹರಿದು ಹೊಸದೊಂದು ಹೊಲಿಯುತ್ತಿದ್ದಳು.

ಶುಕ್ರವಾರ ರುಕ್ಮವ್ವ ಹಳ್ಳಕ್ಕೆ ಅರಿವೆ ಒಗೆಯಲು ಹೋದಾಗ ಕೋಮಲಳೂ ಹಿಂದೆ ಬಂದಳು. ನೀರಿನ ನಡುವಿನ ಬಂಡೆಯ ಮೇಲೆ ಕೂತು ಕಾಲು ಇಳಿಬಿಟ್ಟು ಕೇಳಿದಳು.

"ಚಿಗವ್ವ, ನಾ ಯಾವ ದಂಡಿಯಾಕಿ?"

ರುಕ್ಮವ್ವ ಅರಿವೆಯನ್ನು ಮತ್ತೊಮ್ಮೆ ಕಲ್ಲಿಗೆ ಬಡಿದಳು.

"ಸಾಲಿ ಗೆಳತ್ಯಾರೆಲ್ಲಾ ಕೇಳಾಕತ್ತಾರ. ಸೀಟು ಯಾಕ ತಡದೈತಿ ಅಂತ. ಅವ್ವ ಅಂತಾಳ, ಚಿಗವ್ವನ್ನ ಕೇಳು. ಕಾಕಾ ಅಂತಾನ, ಚಿಗವ್ವನ್ನ ಕೇಳು."

ರುಕ್ಮವ್ವ ಅರಿವೆ ಹಿಂಡತೊಡಗಿದಳು. ಹುಡುಗಿ ನೀರಿಗೆ ಒಂದು ಹರಳು ಒಗೆದಳು. ಮತ್ತೆ ಕೇಳಲಿಲ್ಲ. ಕೇಳದೇ ಸುಮ್ಮನಾದದ್ದೇ ರುಕ್ಮವ್ವನಿಗೆ ಚುಚ್ಚಿತು. ಹನ್ನೊಂದು ವರ್ಷದ ಹುಡುಗಿ ಹಾಗೆ ಸುಮ್ಮನಾಗಬಾರದು.

ಆಚೆ ದಂಡಿಯಿಂದ ಹುಲಿಗೆವ್ವ ಸೀರೆ ಎತ್ತಿಕಟ್ಟಿ ನೀರಿಗಿಳಿದು ಬಂದಳು. ಕೋಮಲಳನ್ನು "ಹೋಗ, ಒಲಿ ಮ್ಯಾಲ ಹಾಲೈತಿ, ಉಕ್ಕೀತು" ಎಂದು ಆ ಕಡೆ ಅಟ್ಟಿ, ರುಕ್ಮವ್ವನ ಎದುರು ನಿಂತಳು.

"ಟ್ರಂಕ ತಗದೇನು?"

"ಇನ್ನ ಏಳು ತಿಂಗಳೈತಿ, ಅಕ್ಕಾ."

"ಎಣಿಸಾಕ ನನಗೂ ಬರತೈತಿ."

"ನಾ ನಂದಂದ ಮರುದಿನ ಏನರ ಆತು ಅಂದ್ರ?"

"ಏನರ ಆತು ಅಂದ್ರ, ಅಂತ ಎಷ್ಟು ದಿನ ಕುಂದರತಿ? ಹನ್ನೆರಡು ತುಂಬಿದ ಮ್ಯಾಲೆ ಹದಿಮೂರು ಅಂತಿ. ನಿನ್ನ ಗೊತ್ತಿಲ್ಲೇನ ನನಗ?" ಹುಲಿಗೆವ್ವನ ದನಿ ಏರಿತು. "ಬದಕ್ಲಿ ಅಂತ ಕೊಂಡ್ನಿ ನಾ. ಬದಕೇತಿ. ಬದಕಿದ್ದು ಇನ್ನ ಬೆಳೀಬೇಕೋ, ನಿನ್ನ ಸೆರಗಿನ್ಯಾಗ ಕುಂದರಬೇಕೋ?"

"ನಿನಗ ಸಂಕಟ ಆಗೂದಿಲ್ಲೇನು, ಬಿಟ್ಟುಕೊಡಾಕ?"

ಹುಲಿಗೆವ್ವ ಬಗ್ಗಿ ಕಾಲು ತೊಳೆಯತೊಡಗಿದಳು. ನೀರಿನಲ್ಲೇ ನಿಂತಿದ್ದವಳ ಕಾಲು ಆಗಲೇ ತೊಳೆದಿದ್ದವು. ಆದರೂ ಬಹಳ ಹೊತ್ತು ಉಜ್ಜಿದಳು. "ಏಳು ಹಡದು ಎಂಟು ಮಂದಿ ಕಡೆ ಅವ್ವ ಅನಿಸಿಕೊಂಡಾಕಿ ನಾ," ಅಂದಳು ತಲೆ ಎತ್ತದೆ. "ನೀ ನಾಕು ಹಡದು ಒಬ್ಬರ ಕಡಿಂದೂ ಅನಿಸಿಕೊಂಡಿಲ್ಲ. ನನಗೇನ ಸಂಕಟ ಕೇಳ್ತಿ, ಹುಚ್ಚಿ."

ಶನಿವಾರ ರುಕ್ಮವ್ವ ಟ್ರಂಕು ತೆಗೆದಳು. ಸೀರೆಯ ಮಡಿಕೆಯಿಂದ ಕಾಗದ ತೆಗೆದು, ನೋಡದೆ, ಕುಪ್ಪಸದೊಳಗೆ ಸೇರಿಸಿದಳು. ಕೋಮಲಳ ಕೈ ಹಿಡಿದು ಮಧ್ಯಾಹ್ನದ ಬಸ್ಸು ಹತ್ತಿದಳು. ಪರಸಪ್ಪ ಗುರುತಿನ ಕಾಗದಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು ಹಿಂದಿನ ಸೀಟಿನಲ್ಲಿ ಕೂತ. ದಾರಿಯುದ್ದಕ್ಕೂ ಹತ್ತಿಬೀಜ ಊರುತ್ತಿದ್ದ ಹೆಂಗಸರು ಬಿಸಿಲಿನಲ್ಲಿ ಕರಗಿ, ಮತ್ತೆ ಮೂಡಿ, ಮತ್ತೆ ಕರಗುತ್ತಿದ್ದರು.

ಅಬ್ದುಲರಜಾಕ ಸಾಹೇಬರ ಮೇಜಿನ ಮುಂದೆ ಪಾಳಿ ಉದ್ದವಿತ್ತು. ಇವರ ಸರದಿ ಬಂದಾಗ ಮೂರೂವರೆ ದಾಟಿತ್ತು. ಸಾಹೇಬರು ಹುಡುಗಿಯನ್ನು ಗುರುತು ಹಿಡಿದರು. ಆಮೇಲೆ ರುಕ್ಮವ್ವನ ಕಡೆ ನೋಡಿದರು.

"ನೀವು ಈಕಿಗೆ ಏನಾಗಬೇಕು?"

ರುಕ್ಮವ್ವ ಕಾಗದವನ್ನು ಮುಂದೆ ಸರಿಸಿದಳು. ತುಟಿ ಅಲ್ಲಾಡಿತು.

"ಜೋರ ಹೇಳ್ರಿ ಯವ್ವಾ, ಫ್ಯಾನಿನ ಸಪ್ಪಳದಾಗ ಕೇಳವಲ್ದು."

"ನನ್ನ ಮಗಳ್ರಿ!"

ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಪಾಳಿಯವರು ಇಣುಕಿದರು. ಕೋಮಲ ಮುಖ ಎತ್ತಿ ಅವಳನ್ನು ನೋಡಿದಳು. ಗೊತ್ತಿದ್ದ ಸಂಗತಿಯೊಂದನ್ನು ಯಾರೋ ಕಡೆಗೂ ಗಟ್ಟಿಯಾಗಿ ಓದಿ ಹೇಳಿದಂತೆ ನೋಡಿದಳು. ರುಕ್ಮವ್ವ ಪೆನ್ನು ತೆಗೆದುಕೊಂಡಳು. ಸಾಹೇಬರು ಬರೆದುಕೊಟ್ಟಲ್ಲಿ ಅಕ್ಷರ ಕೂಡಿಸಿ ಸಹಿ ಮಾಡಿದಳು. ಪರಸಪ್ಪನೂ ಮಾಡಿದ. ಸಾಹೇಬರು ರಬ್ಬರಿನ ಶಿಕ್ಕೆಯನ್ನು ಶಾಯಿಯಲ್ಲಿ ಒತ್ತಿ ಎತ್ತಿದರು.

ಆಗ ಕೋಮಲ ಸೀನಿದಳು. ಒಂದೇ ಒಂದು ಸೀನು.

"ತಡೀರಿ, ಸಾಹೇಬ್ರ!" ರುಕ್ಮವ್ವನ ಕೈ ಮೇಜಿನ ಮೇಲೆ ಬಿತ್ತು. "ಇನ್ನೊಂದು ಸೀನ್ಲಿ."

ಒಂಟಿ ಸೀನು ಅಪಶಕುನ, ಎರಡಾದರೆ ಒಳ್ಳೆಯದು. ಅಲ್ಲಿದ್ದ ಯಾರಿಗೂ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಸಾಹೇಬರು ಶಿಕ್ಕೆ ಹಿಡಿದ ಕೈಯನ್ನು ಗಾಳಿಯಲ್ಲಿ ನಿಲ್ಲಿಸಿದರು. ಫ್ಯಾನು ಮಾತ್ರ ತಿರುಗುತ್ತಿತ್ತು. ಹಿಂದಿನಿಂದ ಯಾರೋ, "ಬೆಳಕಿನ ಕಡೆ ನೋಡವ್ವಾ, ಬರತೈತಿ," ಅಂದರು. ಕೋಮಲ ಕಿಟಕಿಯ ಬೆಳಕಿಗೆ ಮೂಗು ಎತ್ತಿ, ಕಣ್ಣು ಕಿರಿದು ಮಾಡಿ, ಬಾಯಿ ತೆರೆದು ಕಾದಳು. ಧೂಳಿನ ಕಣಗಳು ಆ ಬೆಳಕಿನಲ್ಲಿ ಮೆಲ್ಲಗೆ ಏರುತ್ತಿದ್ದವು, ಇಳಿಯುತ್ತಿದ್ದವು. ಎಷ್ಟು ಹೊತ್ತೋ.

"ಬರವಲ್ದು," ಅಂದಳು ಹುಡುಗಿ, ತಪ್ಪು ತನ್ನದೇ ಎಂಬಂತೆ.

ಸಾಹೇಬರು ಗಡಿಯಾರ ನೋಡಿದರು. "ಯವ್ವಾ, ಹಿಂದ ಇನ್ನೂ ಮಂದಿ ಅದಾರ. ನೀವು ಹೊಡಿ ಅಂದ್ರ ಹೊಡೀತೇನಿ. ಬ್ಯಾಡಂದ್ರ ಇಡ್ತೇನಿ."

ಪರಸಪ್ಪ ನೆಲ ನೋಡುತ್ತಿದ್ದ. ಈ ಸಲ ರುಕ್ಮವ್ವ ಅವನ ಕಡೆ ತಿರುಗಲಿಲ್ಲ. ಕೋಮಲಳ ಮೂಗಿನ ತುದಿ ಕೆಂಪಾಗಿತ್ತು, ಕಣ್ಣಲ್ಲಿ ನೀರು ಬಂದಿತ್ತು. ಇನ್ನೂ ಬೆಳಕನ್ನೇ ನೋಡುತ್ತಿದ್ದಳು, ತನ್ನ ಕೈಲಾದಷ್ಟು ಮಾಡುತ್ತಿದ್ದಳು.

"ಹೊಡೀರಿ," ಅಂದಳು ರುಕ್ಮವ್ವ.

ಬರುವಾಗ ಬಸ್ಸು ಖಾಲಿ ಇತ್ತು. ಕಂಡಕ್ಟರ ಬಂದು, "ಈಕಿ?" ಅಂದ.

"ನನ್ನ ಮಗಳ್ರಿ."

ಅಂದು, ಬಸ್ಸಿನ ಮೇಲ್ಛಾವಣಿಯ ಕಡೆ ಕಣ್ಣೆತ್ತಿದಳು, ಯಾರಾದರೂ ಕೇಳಿಸಿಕೊಂಡರೇನೋ ಎಂದು. ಸಡಿಲಾದ ಗಾಜೊಂದು ಗಡಗಡ ಅನ್ನುತ್ತಿತ್ತು, ಅಷ್ಟೇ. ಕಂಡಕ್ಟರ ಚೀಟಿ ಹರಿದು ಕೊಟ್ಟು ಮುಂದೆ ಹೋದ.

ಕೋಮಲ ಅವಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗಿದ್ದಳು. ಇಳಿಬಿಸಿಲು ಎರಿ ಹೊಲಗಳ ಮೇಲೆ ಹಾಸಿ, ಬಸ್ಸು ನೀರಿನ ಮೇಲೆ ಹೋಗುತ್ತಿದೆಯೇನೋ ಅನ್ನಿಸುತ್ತಿತ್ತು. ರುಕ್ಮವ್ವ ಮಗಳ ಎದೆಯ ಮೇಲೆ ಅಂಗೈ ಇಟ್ಟಳು. ಉಸಿರು ಏರಿತು, ಇಳಿಯಿತು. ಮತ್ತೆ ಏರಿತು. ಅವಳಿಗೆ ಹೆದರಿಕೆ ಹೋಗಿರಲಿಲ್ಲ. ಊರ ನಿಲ್ದಾಣ ಬರುವತನಕ ಅವಳು ಕೈ ತೆಗೆಯಲಿಲ್ಲ.