ಬಸವಣ್ಣೆವ್ವ ದಾಟಿದ ಹೊಸ್ತಿಲು

ಬಸವಣ್ಣೆವ್ವ ಖಾನಾಪುರದ ಕಾಡಿಗೆ ಹೊರಟದ್ದು ಒಂದೇ ಷರತ್ತಿನ ಮೇಲೆ. ತನ್ನನ್ನು ಯಾರೂ ಎತ್ತಬಾರದು. ಗಾಲಿಕುರ್ಚಿ ತನ್ನದು, ಗಾಲಿ ತಿರುಗಿಸುವ ಕೈಯೂ ತನ್ನದು. ಒಳಗೆ ಹೋದರೆ ತಾನೇ ಹೋಗಬೇಕು, ಇಲ್ಲವಾದರೆ ಹೋಗುವುದೇ ಬೇಡ.

ಹಟಮಾರಿ ಅನ್ನಿ, ಪರವಾಗಿಲ್ಲ. ಆ ಹಟದ ಹಿಂದೆ ಒಂದು ಮದುವೆಯಿದೆ. ಬೆನ್ನುಹುರಿಯ ಕಾಯಿಲೆ ಕಾಲಿನ ಬಲ ಕಸಿದ ಮೇಲೆ ಆಕೆ ತಮ್ಮನ ಮಗಳ ಮದುವೆಗೆ ಹೋಗಿದ್ದಳು. ಮಂಗಲ ಕಾರ್ಯಾಲಯದ ಮೆಟ್ಟಿಲ ಮುಂದೆ ಕುರ್ಚಿ ನಿಂತದ್ದೇ ತಡ, ಗುರುತು ಪರಿಚಯವಿಲ್ಲದ ಗಂಡಸರು ನಾಲ್ಕು ಮಂದಿ ಓಡಿಬಂದು ಅಕ್ಕಿ ಚೀಲ ಎತ್ತಿದಂತೆ ಎತ್ತಿಬಿಟ್ಟರು. ಸೆರಗು ಜಾರಿತು, ಸೀರೆ ಮೊಣಕಾಲಿಗೆ ಬಂತು. ಪಂಕ್ತಿಯಲ್ಲಿ ಕೂತ ಹೆಂಗಸರೆಲ್ಲ ಲೊಚಗುಟ್ಟಿದರು. ಆ ಲೊಚಗುಟ್ಟಿದ ಸದ್ದು ಇವತ್ತಿಗೂ ಆಕೆಯ ಕಿವಿಯಿಂದ ಇಳಿದಿಲ್ಲ. ಅಂದಿನಿಂದ ಬೆಳಗಾವಿಯ ಶಹಾಪುರದ ಮನೆ, ಮುಂದಿನ ಕೋಣೆಯಲ್ಲಿ ಹುಡುಗಿಯರಿಗೆ ಹೇಳಿಕೊಡುವ ಹೊಲಿಗೆ ಕ್ಲಾಸು, ಇಷ್ಟೇ ಆಕೆಯ ಲೋಕವಾಯಿತು.

ಮಗಳು ಸಾಕ್ಷಿ ಬಿಡಬೇಕಲ್ಲ! ಹುಡುಕಿ ಹುಡುಕಿ ಖಾನಾಪುರದ ಆಚೆ, ಅಡವಿಯ ಅಂಚಿನಲ್ಲಿ ಹೊಸದಾಗಿ ಆಗುತ್ತಿದ್ದ ಒಂದು ವಸತಿಗೃಹ ಹಿಡಿದಳು. ಮಾಲೀಕ ಗೌರೀಶ ಫೋನಿನಲ್ಲಿ ಬಾಯಿ ತುಂಬ ಹೇಳಿದ: "ನೀವು ಬರ್ರಿ ಅಕ್ಕಾರ. ರ‍್ಯಾಂಪ್ ಐತಿ, ಬಾಗಲಾ ಅಗಲ ಐತಿ, ಬಚ್ಚಲದಾಗ ಹಿಡಕೊಳ್ಳಾಕ ಕಂಬಿ ಐತಿ. ಹೊಸ್ತಲಾ ಸುದ್ದಾ ಇಡಿಸಿಲ್ರಿ."

"ಇದು ಕಡೀ ಸಲ ನೋಡ ಸಾಕ್ಷಿ," ಎಂದಿದ್ದಳು ಬಸವಣ್ಣೆವ್ವ. "ಅಲ್ಲೂ ಯಾರರ ಎತ್ತಾಕ ಬಂದ್ರ, ಮತ್ತ ನನ್ನ ಎಲ್ಲಿಗೂ ಕರೀಬ್ಯಾಡ."

ರ‍್ಯಾಂಪ್ ಖರೇನೇ ಚೆನ್ನಾಗಿತ್ತು. ಕಡಿದಾಗಿಲ್ಲ, ನುಣುಪಾಗಿಲ್ಲ. ಬಸವಣ್ಣೆವ್ವ ಉಸಿರು ಬಿಗಿಹಿಡಿದು, ಒಬ್ಬಳೇ ಗಾಲಿ ತಿರುಗಿಸುತ್ತ ಮೇಲೆ ಏರಿದಳು. ಎಷ್ಟು ಖುಷಿಯಾಯಿತೆಂದರೆ ಹಿಂದಿರುಗಿ ಮಗಳತ್ತ ನೋಡಿ ಹುಬ್ಬು ಹಾರಿಸಿದಳು. ಮತ್ತೆ ಮುಂದೆ ತಿರುಗಿದರೆ, ಬಾಗಿಲಲ್ಲಿ ಮುಷ್ಟಿ ಎತ್ತರದ ಸಾಗವಾನಿ ಹೊಸ್ತಿಲು! ಅರಿಸಿನ ಬಳಿದು, ಕುಂಕುಮ ಹಚ್ಚಿ, ಹೂವಿಟ್ಟು ಮದುಮಗಳಂತೆ ಸಿಂಗರಿಸಿದ್ದರು.

ಆಗಷ್ಟೇ ಊರಿಂದ ಮರಳಿದ್ದ ಗೌರೀಶನ ಮುಖ ಸಣ್ಣದಾಯಿತು. "ಅವ್ವಾ! ಇದನ್ನ ಯಾರ ಕುಂದರಿಸಿದ್ರು?"

"ನಾನ ಕುಂದರಿಸೀನಿ," ಎಂದಳು ಅವನ ತಾಯಿ ಭೀಮಕ್ಕ. ನಂದಗಡದಿಂದ ಹಿಂದಿನ ವಾರವಷ್ಟೇ ಬಂದ ಮುದುಕಿ. ಹೊಗಳಿಕೆ ಕೇಳಲು ಕಾದು ನಿಂತಿದ್ದಳು. "ಹೊಸ್ತಲಾ ಇಲ್ಲದ್ದು ಮನಿ ಆಕ್ಕೈತೇನೋ? ದನದ ಕೊಟ್ಟಿಗಿ ಆಕ್ಕೈತಿ. ನೀ ಊರಾಗಿಲ್ಲದಾಗ ಬಡಿಗ್ಯಾನ್ನ ಕರಿಸಿ, ಪೂಜಿ ಮಾಡಿ ಕುಂದರಿಸೀನಿ. ಈ ತಾಯಿ ಮೊದಲನೇದಾಕಿ ಬರಾಕತ್ತಾಳ, ಚಂದ ಇರಬೇಕಿಲ್ಲೋ?"

ಆಳುಗಳು ಒಂದು ಹಲಗೆ ತಂದು ಹೊಸ್ತಿಲಿಗೆ ಆನಿಸಿದರು. ಕುರ್ಚಿ ಅರ್ಧ ಏರಿ ಹಿಂದಕ್ಕೆ ಜಾರಿತು. ಆಗ ಅವರು ಕುರ್ಚಿಗೆ ಕೈ ಹಚ್ಚಿಯೇಬಿಟ್ಟರು. "ನಾವದೀವಲ್ರಿ ಅಕ್ಕಾರ. ಹಿಂಗ ಎತ್ತಿ ಹಂಗ ಇಳಸ್ತೀವಿ."

"ಕೈ ತಗೀರಿ!" ಬಸವಣ್ಣೆವ್ವ ಚೀರಿದಳು. "ಸಾಕ್ಷಿ, ಗಾಡಿ ತಿರಗಸಾಕ ಹೇಳು. ಬೆಳಗಾವಿಗೆ ಹೋಗೂಣು."

ಸಾಕ್ಷಿಯ ಕಣ್ಣು ತುಂಬಿದವು. ಇನ್ನು ಅವ್ವ ಮನೆಯ ಹೊರಗೆ ಬರುವುದಿಲ್ಲವೆಂದು ಅವಳಿಗೆ ಗೊತ್ತಾಯಿತು.

ಭೀಮಕ್ಕನಿಗೆ ಬೇಜಾರಾಯಿತು. "ಯಾಕವಾ ಇಷ್ಟ ಸಿಟ್ಟು? ಇವರೇನ ಹೊರಗಿನವರಲ್ಲ, ನಮ್ಮ ಮನೀ ಮಕ್ಕಳಿದ್ದಂಗ."

"ಅವ್ವಾರ," ಎಂದಳು ಬಸವಣ್ಣೆವ್ವ. "ನಾಕ ಮಂದಿ ಎತ್ತೂದು ಯಾರನ್ನ, ಹೇಳ್ರಿ? ನಾ ಇನ್ನಾ ಜೀವಂತ ಅದೀನ್ರಿ."

ಆಳುಗಳ ಕೈ ತಾವಾಗಿಯೇ ಕೆಳಗಿಳಿದವು. ಗೌರೀಶ ಹಾರೆ ತಂದು ಹೊಸ್ತಿಲು ಕೀಳಲು ಬಗ್ಗಿದ.

"ಬ್ಯಾಡ್ರಿ," ಎಂದು ತಡೆದವಳೂ ಬಸವಣ್ಣೆವ್ವನೇ. "ಪೂಜಿ ಮಾಡಿದ್ದನ್ನ ನನ್ನ ಸಲುವಾಗಿ ಕಿತ್ತ ಒಗೀಬ್ಯಾಡ್ರಿ. ನಾನೂ ದಿನಾ ಮುಂಜಾನೆ ಹೊಸ್ತಲಾ ಪೂಜಿ ಮಾಡಾಕೀನ."

ಮುದುಕಿ ತಲೆ ಎತ್ತಿ ಆಕೆಯನ್ನು ದಿಟ್ಟಿಸಿದಳು. ಆಮೇಲೆ ಮಗನತ್ತ ತಿರುಗಿ ಗದರಿದಳು. "ಬಾಯಿ ತಕ್ಕೊಂಡು ಏನ ನಿಂತೀಯೋ? ಹೊಸ್ತಲಾ ಇರಬೇಕು ಅಂದೇನಿ, ಎದ್ದ ನಿಂತಿರಬೇಕು ಅಂದೇನೇನು? ನೆಲಾ ಅಗದು ಅದರಾಗ ಹೂಳು. ಅದೂ ಒಂದೀಟು ಮಲಕೊಳ್ಳಲಿ!"

ಕಾಡುಮನೆಯ ಸೊಗಸಿಗೆಂದು ಗೌರೀಶ ನೆಲವನ್ನು ಮಣ್ಣಿನಿಂದಲೇ ಗಟ್ಟಿಸಿದ್ದ. ಅದು ಉಪಯೋಗಕ್ಕೆ ಬಂತು. ಹೊಸ್ತಿಲು ಬಿಚ್ಚಿ, ಅಗಿದು, ಕೂರಿಸಿ, ಸುತ್ತ ಮಣ್ಣು ಬಡಿಯುವ ಹೊತ್ತಿಗೆ ಎರಡು ಸಲ ಚಹಾ ಆಯಿತು, ಬೆಳಗಾವಿಯಿಂದ ತಂದ ಕುಂದಾದ ಡಬ್ಬಿಯೂ ಖಾಲಿಯಾಯಿತು. ಭೀಮಕ್ಕ ಅಂಗೈಯಿಂದ ಸವರಿ ನೋಡಿದಳು. ನೆಲಕ್ಕೂ ಹೊಸ್ತಿಲಿಗೂ ಭೇದವೇ ಇರಲಿಲ್ಲ. ತೃಪ್ತಿಯಾಗಿ ಮತ್ತೆ ಧಾರಾಳವಾಗಿ ಕುಂಕುಮ ಹಚ್ಚಿದಳು.

ಬಸವಣ್ಣೆವ್ವ ಕುರ್ಚಿಯನ್ನು ಹೊಸ್ತಿಲ ತನಕ ತಂದು ನಿಲ್ಲಿಸಿಬಿಟ್ಟಳು.

"ಹೋಗಬೇ ಅವ್ವಾ," ಎಂದಳು ಸಾಕ್ಷಿ.

ಆಗಲಿಲ್ಲ. ಸಣ್ಣವಳಿದ್ದಾಗ ಹೊಸ್ತಿಲು ತುಳಿದರೆ ತಾಯಿ ಕಾಲಿಗೇ ಬಾರಿಸುತ್ತಿದ್ದಳು. ದಾಟಬೇಕು, ತುಳಿಯಬಾರದು. ಶಹಾಪುರದ ಮನೆಯಲ್ಲಿ ಹೊಸ್ತಿಲ ಮೇಲೆ ಹಲಗೆಯ ಸೇತುವೆ ಇತ್ತು, ಗಾಲಿ ಹೊಸ್ತಿಲಿಗೆ ತಾಗುತ್ತಿರಲಿಲ್ಲ. ಇಲ್ಲಿ ಕುಂಕುಮದ ಮೇಲೆಯೇ ರಸ್ತೆಯ ಕೆಸರು ಹತ್ತಿದ ಗಾಲಿ ಹಾಯಬೇಕು. "ಇದರ ಮ್ಯಾಲ ಹೆಂಗ ಹತ್ತಸ್ಲಿವಾ?" ಎಂದವಳಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ಮಾಡಿಸಿಕೊಂಡು, ತನ್ನನ್ನು ತಡೆದವಳು ಕೊನೆಗೆ ತಾನೇ!

ಭೀಮಕ್ಕ ಚಪ್ಪಲಿ ಕಳಚಿದಳು. ಕೈ ಮುಗಿದು, ಕಣ್ಣು ಮುಚ್ಚಿ, ಬರಿಗಾಲನ್ನು ಹೊಸ್ತಿಲ ನಟ್ಟನಡುವೆ, ಕುಂಕುಮದ ಮೇಲೆಯೇ ಊರಿದಳು. ಇನ್ನೊಂದು ಕಾಲನ್ನೂ ಇಟ್ಟಳು.

"ಹುಟ್ಟಿದಾಗಿಂದ ತುಳದಿದ್ದಿಲ್ಲ," ಎಂದಳು. "ದೋಷ ಇದ್ರ ಮೊದಲ ನನಗ ತಾಗಲಿ. ನೀ ಬಾ."

ಒಳಗೆ ಸರಿದು ನಿಂತು, ಅಭ್ಯಾಸಬಲದಿಂದ ಎರಡೂ ಕೈ ಮುಂದೆ ಚಾಚಿದಳು. ತಕ್ಷಣ ನೆನಪಾಗಿ ಹಿಂದೆಳೆದುಕೊಂಡು ಸೆರಗಿನಲ್ಲಿ ಸುತ್ತಿಕೊಂಡಳು.

ಬಸವಣ್ಣೆವ್ವ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಗಾಲಿ ತಿರುಗಿಸಿದಳು. ಕಿಟಕಿಯ ತನಕ ಹೋಗಿ, ಆಚೆಯ ಮರಗಳನ್ನು ನೋಡುತ್ತ ಮನಸಾರೆ ಅತ್ತಳು. ಬಾಗಿಲಿಂದ ಕಿಟಕಿಯವರೆಗೆ ನೆಲದ ಮೇಲೆ ಎರಡು ಕೆಂಪು ಗೆರೆ ಮೂಡಿದ್ದವು.

ಸಾಕ್ಷಿ ಒರೆಸಲು ಬಟ್ಟೆ ತಂದಳು. ಭೀಮಕ್ಕ ಅದನ್ನು ಕಸಿದುಕೊಂಡಳು.

"ಹುಚ್ಚಿ, ಲಕ್ಷ್ಮೀ ಒಳಗ ಬಂದ ಹೆಜ್ಜಿ ಯಾರರ ಒರಸ್ತಾರೇನು?"