ಸುಳ್ಳಂದ್ರೆ ಮುಟ್ಟಿ ನೋಡಿ

ಉರಿಗಾಮಿನ ಸೆಲ್ವರಾಜ್ ಮಾತಾಡುವಾಗ ಎದುರಿಗಿದ್ದವರ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ರೈಲಿನಲ್ಲಿ ಮೊದಲ ಸಲ ಅವರ ಎದುರಿಗೆ ಕುಳಿತವರಿಗೆ ಇದರಿಂದ ತುಸು ಇರಿಸುಮುರಿಸಾಗುತ್ತದೆ. ತಮ್ಮ ಉಂಗುರದ ಮೇಲೋ ವಾಚಿನ ಮೇಲೋ ಈ ಮನುಷ್ಯನ ಕಣ್ಣು ಬಿದ್ದಿರಬೇಕೆಂದು ಕೈಯನ್ನು ಮೆಲ್ಲಗೆ ಚೀಲದಡಿಗೆ ಸರಿಸಿಕೊಳ್ಳುವವರೂ ಉಂಟು. ಬಂಗಾರಪೇಟೆಯಿಂದ ಬೆಂಗಳೂರಿನ ಕಚೇರಿಗೆ ದಿನವೂ ಅದೇ ರೈಲಿನಲ್ಲಿ ಓಡಾಡುವ ನಾನು, ಪರಿಚಯ ಸ್ವಲ್ಪ ಬಲಿತ ಮೇಲೆ, ಕಾರಣ ಕೇಳಿದೆ.

"ಮುಖ ಸುಳ್ಳು ಹೇಳ್ತದೆ ಸಾರ್, ಕೈ ಹೇಳಲ್ಲ. ಬೇಡ ಬೇಡ ಅಂತ ಮುಖ ಅತ್ಲಾಗೆ ತಿರುಗಿಸ್ಕೊಂಡಿರ್ತಾರೆ, ಬೆರಳು ಆಗ್ಲೇ ಸಾಮಾನಿನ ಮೇಲೆ ಓಡಾಡ್ತಾ ಇರ್ತದೆ. ನಾನು ಆ ಬೆರಳ ಹತ್ರ ಮಾತಾಡ್ತೀನಿ" ಎಂದರು.

ವ್ಯಾಪಾರ ಮೇಳಗಳಲ್ಲಿ ಮಳಿಗೆಯ ಮುಂದೆ ನಿಂತು ಹೊಸ ಸರಕನ್ನು ಜನಕ್ಕೆ ಪರಿಚಯ ಮಾಡಿಕೊಡುವುದು ಅವರ ವೃತ್ತಿ. ಊರಿನ ಚಿನ್ನದ ಗಣಿ ಮುಚ್ಚಿ, ಅಪ್ಪನ ಕೆಲಸ ಹೋಗಿ, ಮನೆಯಲ್ಲಿ ಎಲ್ಲರೂ ಏನಾದರೊಂದು ಹುಡುಕಿಕೊಳ್ಳಬೇಕಾಗಿ ಬಂದಾಗ, ಯೌವನದಲ್ಲಿದ್ದ ಸೆಲ್ವರಾಜ್‌ಗೆ ದೊರೆತದ್ದು ರಾಬರ್ಟ್‌ಸನ್‌ಪೇಟೆಯ ಚಪ್ಪಲಿ ಅಂಗಡಿಯೊಂದರ ಬಾಗಿಲಲ್ಲಿ ನಿಂತು ಗಿರಾಕಿಗಳನ್ನು ಕರೆಯುವ ಕೆಲಸ. "ಬನ್ರಣ್ಣಾ, ವಾಂಗಣ್ಣೇ, ರಾವಯ್ಯಾ" ಎಂದು ಒಂದೇ ಉಸಿರಿನಲ್ಲಿ ಮೂರು ಭಾಷೆಯವರನ್ನು ನಿಲ್ಲಿಸುವ ಕಲೆ ಅಲ್ಲಿಯೇ ಕೈವಶವಾಯಿತು. ಕಂಠವೋ ನಾಭಿಮೂಲದಿಂದ ಹೊರಟು ಎದೆಯ ಗೋಡೆಗಳನ್ನೆಲ್ಲ ತಾಕಿಕೊಂಡು ಬರುವಂಥದ್ದು; ಧ್ವನಿವರ್ಧಕ ಹಿಡಿದರೆ ಅದಕ್ಕೆ ಅಲಂಕಾರವೇ ಹೊರತು ಆಧಾರವಲ್ಲ.

ಅವರ ನಡಿಗೆಯೂ ವೃತ್ತಿಯಿಂದಲೇ ಬಂದದ್ದು. ಜನರನ್ನು ಮಾತಿನಿಂದ ಸೆಳೆಯುತ್ತ ಮಳಿಗೆಯೊಳಗೆ ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುವುದು ಎಷ್ಟು ರೂಢಿಯಾಗಿದೆಯೆಂದರೆ, ರೈಲ್ವೆ ಪ್ಲಾಟ್‌ಫಾರಂ ಮೇಲೂ ನಮ್ಮೊಡನೆ ಹರಟುತ್ತ ಬೆನ್ನನ್ನು ದಾರಿಗೆ ಕೊಟ್ಟು ನಡೆಯುತ್ತಾರೆ. ಕಂಬಗಳೂ ಹೂ ಮಾರುವವರ ಬುಟ್ಟಿಗಳೂ ಅವರಿಗೆ ಹೇಗೋ ದಾರಿ ಬಿಡುತ್ತವೆ. ಇನ್ನು ಕೋಟು. ಕಡುನೀಲಿ ಬಣ್ಣದ, ಮೊಣಕೈಯಲ್ಲಿ ಸವೆದು ಮಿರುಗುವ ಆ ಕೋಟನ್ನು ಉರಿಗಾಮಿನಿಂದ ಬೆಂಗಳೂರಿನವರೆಗೆ ಬಟ್ಟೆಯಂಗಡಿಯ ಕವರಿನಲ್ಲಿ ಮಲಗಿಸಿಕೊಂಡು ಬಂದು, ರೈಲಿಳಿದ ಮೇಲೆ, ಮದುವೆಯ ಗಂಡಿನ ಗಾಂಭೀರ್ಯದಿಂದ ತೊಡುತ್ತಾರೆ. ಮಾರ್ಚಿ ತಿಂಗಳ ಬಿಸಿಲಿನಲ್ಲೂ ಅದನ್ನು ಕಳಚಿದ್ದನ್ನು ನಾನು ಕಂಡಿಲ್ಲ.

ಪ್ರತಿಯೊಂದು ವರ್ಣನೆಯ ಕೊನೆಯಲ್ಲಿ "ಸುಳ್ಳಂದ್ರೆ ಮುಟ್ಟಿ ನೋಡಿ" ಎನ್ನುವುದು ಅವರ ಮಾತಿನ ಮುದ್ರೆ. ಅದು ನಾಲಿಗೆಗೆ ಎಷ್ಟು ಅಂಟಿಕೊಂಡಿದೆಯೆಂದರೆ, ಒಮ್ಮೆ ಜ್ವರ ಬಂದಾಗ ಹೆಂಡತಿ ಮೀನಾಗೂ "ಮೈ ಸುಡ್ತಾ ಇದೆ, ಸುಳ್ಳಂದ್ರೆ ಮುಟ್ಟಿ ನೋಡು" ಎಂದರಂತೆ. ಆಕೆ ಹಣೆ ಮುಟ್ಟದೆಯೇ, "ನಿಮ್ಮ ಅಂಗಡಿ ಮಾತು ನನ್ನ ಹತ್ರ ಬೇಡ, ಮಾತ್ರೆ ನುಂಗಿ ಮಲ್ಕೊಳ್ಳಿ" ಎಂದದ್ದನ್ನು ಸೆಲ್ವರಾಜ್ ಅವರೇ ಇಡೀ ಬೋಗಿಗೆ ಕೇಳುವಂತೆ ವರ್ಣಿಸಿದ್ದರು.

ಇಷ್ಟೆಲ್ಲ ವಾಚಾಳಿಯಾದರೂ ಅವರದೊಂದು ಹಠವಿತ್ತು: ಯಾವ ಸಾಮಾನನ್ನೇ ಆಗಲಿ ಕೆಲವು ದಿನ ಮನೆಯಲ್ಲಿಟ್ಟು ಬಳಸಿ ನೋಡದೆ ಮಳಿಗೆಯಲ್ಲಿ ಅದರ ಹೆಸರೆತ್ತುತ್ತಿರಲಿಲ್ಲ. ತರಕಾರಿ ಹೆಚ್ಚುವ ಯಂತ್ರ, ನೆಲ ಒರೆಸುವ ಕೋಲು, ಬೆನ್ನುನೋವಿನ ಪಟ್ಟಿ, ಎಲ್ಲವೂ ಮೊದಲು ಮೀನಾಳ ಕೈಯಲ್ಲೋ ಅವರ ಬೆನ್ನಿನ ಮೇಲೋ ಪರೀಕ್ಷೆಗೆ ಒಳಗಾಗಬೇಕಿತ್ತು. ಇದನ್ನು ನಾನು ಸತ್ಯನಿಷ್ಠೆಯೆಂದು ಕರೆದಾಗ ಅವರಿಗೆ ಸಂಕೋಚವೇ ಆಯಿತು. "ಅಂಥದ್ದೇನಿಲ್ಲ ಸಾರ್. ನಾನು ಕೂಗಿ ಮಾರಿದ ಮಿಕ್ಸಿ ಕೆಟ್ರೆ ಕಂಪನಿಯವ್ರು ಎಲ್ಲೋ ಇರ್ತಾರೆ. ನಾನು ಇದೇ ರೈಲಲ್ಲಿರ್ತೀನಿ" ಎಂದರು.

ಆ ಹಠ ಒಂದೇ ಒಂದು ಸಲ ಸಡಿಲವಾಯಿತು. ಅದರ ಕಥೆ ಹೀಗಿದೆ.

ಕಾಮಸಮುದ್ರದ ಸುಧಾಕರ್ ಎಂಬ ಯುವಕ ಬೆಂಗಳೂರಿನಲ್ಲಿ ಮೀನುಗಾರಿಕೆಯ ಸಲಕರಣೆ ಮಾರುವ ಸಂಸ್ಥೆಯೊಂದರ ಮಾರಾಟದ ಮುಖ್ಯಸ್ಥನಾಗಿದ್ದ. ಅವನೂ ನಮ್ಮ ರೈಲಿನವನೇ. ಬೆಂಗಳೂರಿನಲ್ಲಿ ನಡೆಯಲಿದ್ದ ಮೀನುಗಾರಿಕಾ ಮೇಳದಲ್ಲಿ ಅವನ ಸಂಸ್ಥೆ ಹೊಸ ಗಾಳದ ಕೋಲುಗಳನ್ನೂ, ನೀರಿನಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಯಂತ್ರವನ್ನೂ, ಎಲ್ಲಕ್ಕಿಂತ ಮಿಗಿಲಾಗಿ ಟ್ರೋಲಿಂಗ್ ಮೋಟರ್ ಎಂಬುದನ್ನೂ ಅನಾವರಣ ಮಾಡಲಿತ್ತು. ದೋಣಿಯ ಅಂಚಿಗೆ ತಿರುಪಿನಿಂದ ಬಿಗಿಸಿ ಬ್ಯಾಟರಿಗೆ ತಗುಲಿಸಿದರೆ, ನೀರೊಳಗಿನ ಪುಟ್ಟ ರೆಕ್ಕೆ ತಿರುಗಿ, ಮೀನು ಬೆಚ್ಚದಷ್ಟು ನಿಶ್ಶಬ್ದವಾಗಿ ದೋಣಿಯನ್ನು ಮುಂದೊಯ್ಯುವ ಸಾಧನ ಅದು. ಹುಟ್ಟು ಹಾಕುವ ಶ್ರಮವಿಲ್ಲ. ಇದನ್ನು ಕೂಗಲು ಸೆಲ್ವರಾಜ್ ಅವರೇ ಬೇಕೆಂದು ಸುಧಾಕರ್ ಮೇಲಿನವರಲ್ಲಿ ಹಠ ಹಿಡಿದು ಒಪ್ಪಿಸಿದ.

ಸೆಲ್ವರಾಜ್ ಮೀನು ತಿನ್ನುವುದಿಲ್ಲ, ವಾಸನೆಗೇ ಎದ್ದು ಹೋಗುತ್ತಾರೆ. ಈಜು ಬಾರದು, ಕೆರೆಯ ಏರಿಯ ಮೇಲೆ ನಡೆಯುವಾಗಲೂ ನೀರಿನ ಕಡೆಗೆ ಇನ್ನೊಬ್ಬರನ್ನು ಬಿಟ್ಟುಕೊಂಡು ನಡೆಯುವವರು. ಆದರೂ ಅಭ್ಯಾಸಕ್ಕೆಂದು ಕೊಟ್ಟ ಮೋಟರನ್ನು ಮನೆಗೆ ತಂದು ಕುಡಿಯುವ ನೀರಿನ ಡ್ರಮ್ಮಿಗೆ ಬಿಗಿಸಿ ಓಡಿಸಿದರು. ನೀರೆಲ್ಲ ಅಡುಗೆಮನೆಯ ಪಾಲಾಯಿತು. ಮೀನಾ ಎರಡು ದಿನ ಮಾತು ಬಿಟ್ಟಳು. ಕೆರೆಗಿಳಿದು ನೋಡಲು ಮಾತ್ರ ಧೈರ್ಯವಾಗಲಿಲ್ಲ. ಡ್ರಮ್ಮಿನಲ್ಲಿ ಓಡಿದ್ದು ಕೆರೆಯಲ್ಲೂ ಓಡುತ್ತದೆಂದು ಸಮಾಧಾನ ಮಾಡಿಕೊಂಡರು.

ಮೇಳದ ಮೊದಲ ದಿನ ಶುಕ್ರವಾರ. ಬಣ್ಣದ ದೀಪಗಳ ನಡುವೆ ಗಾಜಿನ ತೊಟ್ಟಿಯ ತಿಳಿನೀರಿನಲ್ಲಿ ಮೋಟರು ತಿರುಗಿತು. ಸಂಸ್ಥೆ ಬರೆದುಕೊಟ್ಟ ಮಾತುಗಳಲ್ಲಿ "ಎಂಥ ಜೊಂಡಿಗೂ ಈ ರೆಕ್ಕೆ ನಿಲ್ಲುವುದಿಲ್ಲ" ಎಂಬುದೂ ಒಂದಿತ್ತು. ಸೆಲ್ವರಾಜ್ ಅದನ್ನು ಮೂರು ಭಾಷೆಯಲ್ಲೂ ಅಮೋಘವಾಗಿ ಸಾರಿದರು.

ಅಂದು ಸಂಜೆಯ ರೈಲಿನಲ್ಲಿ ಬೂದಿಕೋಟೆಯ ಶ್ರೀನಿವಾಸಪ್ಪ ನಮ್ಮ ಬೋಗಿಗೆ ಬಂದರು. ಅಲ್ಲಿಯ ಮೀನುಗಾರರ ಸಂಘದ ಹಿರಿಯರು. ಮೇಳ ನೋಡಲೆಂದೇ ಹೋಗಿದ್ದವರು.

"ಸೆಲ್ವಣ್ಣ, ನಿನ್ ಮಾತು ಕೇಳ್ದೆ ಕಣಣ್ಣ. ಅಲ್ಲಿಂದ್ಲೇ ಸಂಗದೋರ್ಗೆ ಫೋನ್ ಮಾಡಿ ಏಳ್ಬುಟ್ಟೆ, ನಾಕು ಮೋಟ್ರು ತಗಳಾನ ಅಂತ. ನಮ್ ಕೆರೇಲಿ ಅರ್ದಕ್ಕರ್ದ ಜೊಂಡೇ ಐತೆ. ಉಟ್ಟು ಆಕಿ ಆಕಿ ಎಲ್ಲಾರ್ದೂ ರಟ್ಟೆ ಬಿದ್ದೋಗವೆ."

ಸೆಲ್ವರಾಜ್ ಅವರ ಕಣ್ಣು ಎಂದಿನಂತೆ ಮುದುಕರ ಕೈಗೆ ಹೋಯಿತು. ಹಗ್ಗ ಎಳೆದು, ಹುಟ್ಟು ಹಿಡಿದು, ಬೆರಳ ಗಿಣ್ಣುಗಳೆಲ್ಲ ಗಂಟುಗಟ್ಟಿದ ಕೈ ಅದು.

"ಜೊಂಡಲ್ಲಿ ಓಡಿಸಿ ನೋಡಿದ್ರಾ ನೀವು?"

"ನಾನೆಲ್ಲಿ ಓಡಿಸ್ಲಣ್ಣ? ನೀನು ಓಡ್ಸಿದೀಯಲ್ಲ!"

ಬಂಗಾರಪೇಟೆ ಬರುವವರೆಗೂ ಸೆಲ್ವರಾಜ್ ಆ ಕೈಯನ್ನೇ ನೋಡುತ್ತ ಕುಳಿತಿದ್ದರು.

ಮರುದಿನ ಬೆಳಗ್ಗೆ ಅವರು ಬೆಂಗಳೂರಿಗೆ ಹೋಗುವ ಬದಲು, ಅಭ್ಯಾಸಕ್ಕೆ ಕೊಟ್ಟಿದ್ದ ಆ ಮೋಟರನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬೂದಿಕೋಟೆಯ ಬಸ್ಸು ಹತ್ತಿದರು. ಮುಂದಿನದನ್ನು ನನಗೆ ಹೇಳಿದವರು ಶ್ರೀನಿವಾಸಪ್ಪ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು, ಸಂಘದ ದೋಣಿಗೆ ಮೋಟರು ಬಿಗಿಸಿದರಂತೆ. ಕೋಟು ತೊಟ್ಟ ಸೆಲ್ವರಾಜ್ ದೋಣಿಯ ನಡುವೆ ಎರಡೂ ಕೈಗಳಿಂದ ಹಲಗೆಯನ್ನು ಹಿಡಿದು, ಕಣ್ಣು ಮುಚ್ಚಿ ಕುಳಿತರಂತೆ. ಮೋಟರು ಹೊರಟಿತು. ಒಂದಿಷ್ಟು ಸದ್ದಿಲ್ಲ, ಏರಿಯ ಮೇಲಿನ ಕೊಕ್ಕರೆಗಳೂ ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರು ಒಂದು ಕಣ್ಣು ತೆರೆದರು, ಆಮೇಲೆ ಇನ್ನೊಂದು. "ತೊಟ್ಲಲ್ಲಿ ಕುಂತ್ ಮಗೀನಂಗೆ ನಗ್ತಿದ್ದ ಸಾಮಿ" ಎಂದರು ಶ್ರೀನಿವಾಸಪ್ಪ.

ದೋಣಿ ಜೊಂಡಿನೊಳಕ್ಕೆ ನುಗ್ಗಿತು. ತೇಲುವ ಆ ಗಿಡಗಳ ಕೂದಲಿನಂಥ ಬೇರುಗಳು ರೆಕ್ಕೆಗೆ ಸುತ್ತಿಕೊಂಡವು. ಮೋಟರು ಒಮ್ಮೆ ಮುಲುಗಿ ನಿಂತೇಹೋಯಿತು. ಬಿಡಿಸಿ ಮತ್ತೆ ನಡೆಸಿದರೆ ಮತ್ತೆ ಸುತ್ತಿಕೊಂಡಿತು. ಕೊನೆಗೆ ಹುಟ್ಟು ಹಾಕಿಯೇ ದಡ ಸೇರಿದರು. ಶ್ರೀನಿವಾಸಪ್ಪನವರಿಗೆ ಇದೇನೂ ದೊಡ್ಡದಾಗಿ ಕಾಣಲಿಲ್ಲ. "ಓಗ್ಲಿ ಬುಡಣ್ಣ, ಜೊಂಡು ಯಾವುದ್ಕೆ ಸುತ್ಕಳಲ್ಲ?" ಎಂದು ಸಮಾಧಾನ ಹೇಳಿದರು. ಆದರೆ ಸೆಲ್ವರಾಜ್ ರೆಕ್ಕೆಯಿಂದ ಬಿಡಿಸಿದ ಬೇರುಗಳ ಒದ್ದೆ ಉಂಡೆಯನ್ನು ಕೋಟಿನ ಜೇಬಿಗೆ ತುರುಕಿಕೊಂಡು, ಬೆಂಗಳೂರಿಗೆ ಹೊರಟುಬಿಟ್ಟರು.

ಅಂದು ನನಗೆ ರಜೆ. ವೇದಿಕೆಯ ಮೇಲೆ ತಮ್ಮನ್ನು ಒಮ್ಮೆ ನೋಡಬೇಕೆಂದು ಅವರು ಹಲವು ಸಲ ಕರೆದಿದ್ದರಾದ್ದರಿಂದ ಮೇಳಕ್ಕೆ ಹೋಗಿದ್ದೆ. ಬೆಳಗಿನಿಂದ ಅವರ ಸುಳಿವಿಲ್ಲದೆ ಸುಧಾಕರ್ ಫೋನು ಹಿಡಿದು ಶತಪಥ ತಿರುಗುತ್ತಿದ್ದ. ಮಧ್ಯಾಹ್ನ ಅವರು ಬಂದಾಗ ಗದರಿಸಲೂ ವ್ಯವಧಾನವಿಲ್ಲದೆ ನೇರವಾಗಿ ವೇದಿಕೆಗೆ ಕಳಿಸಿದ. ಎದುರಿಗೆ ಬೇರೆ ಬೇರೆ ಜಿಲ್ಲೆಗಳ ಮೀನುಗಾರರು, ವ್ಯಾಪಾರಿಗಳು, ಭಾನುವಾರಕ್ಕೊಮ್ಮೆ ಗಾಳ ಹಾಕುವ ನಗರದ ಹವ್ಯಾಸಿಗಳು.

"ನಿನ್ನೆ ಇಲ್ಲೇ ನಿಂತ್ಕೊಂಡು ಒಂದು ಮಾತು ಹೇಳ್ದೆ" ಎಂದು ಅವರು ಶುರುಮಾಡಿದರು. "ಎಂಥ ಜೊಂಡಿಗೂ ಈ ಮೋಟರ್ ನಿಲ್ಲಲ್ಲ ಅಂತ. ಅದು ನಾನು ಓದಿ ಹೇಳಿದ್ದು, ನೋಡಿ ಹೇಳಿದ್ದಲ್ಲ. ಇವತ್ತು ನೋಡ್ಕೊಂಡು ಬಂದಿದೀನಿ."

ಜೇಬಿನಿಂದ ಬೇರಿನ ಉಂಡೆ ತೆಗೆದು, ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, ಗಾಜಿನ ತೊಟ್ಟಿಗೆ ಹಾಕಿದರು. ತಿಳಿನೀರು ಕದಡಿತು. ರೆಕ್ಕೆ ಬೇರನ್ನು ಸುತ್ತಿಕೊಂಡು ನಿಂತಿತು.

"ಸುಳ್ಳಂದ್ರೆ ಮುಟ್ಟಿ ನೋಡಿ."

ಜನ ಗೊಳ್ಳೆಂದು ನಕ್ಕರು. ಸುಧಾಕರ್ ಓಡಿಬಂದು ಧ್ವನಿವರ್ಧಕದ ತಂತಿ ಕಿತ್ತ. ಆ ಕಂಠಕ್ಕೆ ಅದರಿಂದೇನೂ ಕೊರತೆಯಾಗಲಿಲ್ಲ. ನಗು ಅಡಗುವವರೆಗೆ ಕಾದು ಸೆಲ್ವರಾಜ್ ಮುಂದುವರಿಸಿದರು: ತಿಳಿಯಾದ ನೀರಿದ್ದರೆ ಇದರಂಥದ್ದು ಇನ್ನೊಂದಿಲ್ಲ, ಕೊಕ್ಕರೆಗೂ ಕೇಳಿಸದು, ರಟ್ಟೆ ಸೋತವರಿಗೆ ದೇವರು ಕೊಟ್ಟ ಕೈ ಇದು, ಈಜು ಬಾರದ ನಾನೇ ಕೂತು ಬಂದಿದ್ದೇನೆ, ಜೊಂಡಿರುವ ಕೆರೆಯಾದರೆ ಮೊದಲು ದೋಣಿಯಷ್ಟಗಲ ದಾರಿ ಬಿಡಿಸಿಕೊಳ್ಳಿ, ಆಮೇಲೆ ಕೊಳ್ಳಿ. ಆಮೇಲೂ ನಾನು ಕೇಳಿದ ಅವರ ಭಾಷಣಗಳಲ್ಲಿ ಅದಕ್ಕಿಂತ ಸೊಗಸಾದದ್ದು ಇನ್ನೊಂದಿಲ್ಲ. ಮುಗಿಸಿ ಇಳಿದಾಗ ಸಂಸ್ಥೆಯ ದೊಡ್ಡವರೊಬ್ಬರು ಅವರನ್ನು ಹಿಂಬಾಗಿಲಿನಿಂದ ಹೊರಕ್ಕೆ ಕಳಿಸಿದರು. ಭಾನುವಾರ ಬರಬೇಡಿ ಎಂದೂ ಹೇಳಿದರು.

ಸುಧಾಕರ್ ನಮ್ಮೊಡನೆಯೇ ಸ್ಟೇಷನ್ನಿನವರೆಗೆ ಬಂದ. ಸಿಟ್ಟಿಗಿಂತ ಅವನ ಮುಖದಲ್ಲಿ ನೋವೇ ಹೆಚ್ಚಿತ್ತು.

"ಅಣ್ಣಾ, ನಿಮ್ಮನ್ನ ಕರ್ಕೊಂಡ್ ಬಂದಿದ್ದು ನಾನು. ನನ್ನ ಒಂದು ಮಾತು ಕೇಳ್ಬೌದಿತ್ತು. ಆ ಸಾಲು ಬಿಟ್ಟು ಬಾಕಿದೆಲ್ಲ ಹೇಳಿದ್ರೆ ಯಾರ್ಗೂ ಗೊತ್ತಾಗ್ತಿರ್ಲಿಲ್ಲ."

ಅವನ ಮಾತು ನ್ಯಾಯವಾಗಿತ್ತು. ಸೆಲ್ವರಾಜ್ ಅದನ್ನು ಅಲ್ಲಗಳೆಯಲೂ ಇಲ್ಲ. "ಕೇಳಿದ್ರೆ ಬೇಡ ಅಂತಿದ್ದೆ ನೀನು. ನೀನು ಬೇಡ ಅಂದ್ಮೇಲೆ ನನಗೆ ಧೈರ್ಯ ಇರ್ತಿರ್ಲಿಲ್ಲ ತಂಬಿ" ಎಂದರು. "ಆ ತೊಟ್ಟಿ ನೋಡಿದ್ಮೇಲೆ ಸುಮ್ನಿರಕ್ಕೂ ಆಗ್ಲಿಲ್ಲ" ಎಂದೂ ಸೇರಿಸಿದರು. ಅದೂ ನಿಜವೇ. ತಪ್ಪನ್ನು ತಿದ್ದುವ ತವಕದ ಜೊತೆಗೆ, ತುಂಬಿದ ಸಭೆಯ ಮುಂದೆ ಅದನ್ನು ತಿದ್ದುವ ಸುಖವನ್ನೂ ಅವರಿಂದ ಬಿಡಲಾಗಲಿಲ್ಲ. ಅದರ ಪೆಟ್ಟು ಬಿದ್ದದ್ದು ಸುಧಾಕರ್‌ಗೆ: ಮೇಳಗಳ ಜವಾಬ್ದಾರಿಯಿಂದ ಅವನನ್ನು ತೆಗೆದು ಗೋದಾಮಿಗೆ ಹಾಕಿದರು. ಆಮೇಲೆ ಅವನು ಬೇರೆ ಬೋಗಿ ಹತ್ತತೊಡಗಿದ. ಆ ತಿಂಗಳುಗಳಲ್ಲಿ ಸೆಲ್ವರಾಜ್ ಪ್ಲಾಟ್‌ಫಾರಂ ಮೇಲೆ ಎಲ್ಲರಂತೆ ಮುಂದೆ ನೋಡಿಕೊಂಡೇ ನಡೆಯುತ್ತಿದ್ದರು. ದೊಡ್ಡ ಮೇಳಗಳಿಂದ ಕರೆ ಬರುವುದು ಕಡಿಮೆಯಾಗಿ, ರೈಲು ಹತ್ತದ ದಿನಗಳಲ್ಲಿ ಮತ್ತೆ ರಾಬರ್ಟ್‌ಸನ್‌ಪೇಟೆಯ ಅಂಗಡಿ ಬಾಗಿಲಲ್ಲಿ ಚಾಕು, ಈಳಿಗೆಗಳನ್ನು ಕೂಗುತ್ತಿದ್ದರು.

ಬೂದಿಕೋಟೆಯ ಸಂಘದವರು ಜೊಂಡಿನ ನಡುವೆ ದಾರಿ ಬಿಡಿಸಿ, ನಾಲ್ಕರ ಬದಲು ಒಂದು ಮೋಟರು ಕೊಂಡರು. ಅದು ಈಗಲೂ ಓಡುತ್ತಿದೆ.

ಹೋದ ಚಳಿಗಾಲದಲ್ಲಿ ಒಂದು ದಿನ ಸುಧಾಕರ್ ತಾನಾಗಿಯೇ ನಮ್ಮ ಬೋಗಿಗೆ ಬಂದು ಸೆಲ್ವರಾಜ್ ಪಕ್ಕದಲ್ಲಿ ಕುಳಿತ. ಮೇಳದ ಕೆಲಸ ಅವನಿಗೆ ಮತ್ತೆ ದೊರೆತಿತ್ತು.

"ಹೊಸ ಮೋಟರ್ ಬಂದಿದೆ ಅಣ್ಣಾ. ರೆಕ್ಕೆ ಸುತ್ತ ಪಂಜರ ಕೂರ್ಸಿದಾರೆ. ಜೊಂಡಿಗೆ ನಿಲ್ಲಲ್ಲ ಅಂತಾರೆ."

"ಯಾರು ಅಂತಾರೆ?"

"ಕಂಪನಿಯೋರು."

"ನೀನು?"

"ನಾನಿನ್ನೂ ಏನೂ ಅಂದಿಲ್ಲ. ಭಾನುವಾರ ಬೂದಿಕೋಟೆಗೆ ಹೋಗಿ ನೋಡಣ, ಬತ್ತೀರಾ?"

ಸೆಲ್ವರಾಜ್ ಕಿಟಕಿಯ ಹೊರಗೆ ನೋಡುತ್ತ ತಲೆಯಾಡಿಸಿದರು. ಕಣ್ಣು ಒರೆಸಿಕೊಂಡದ್ದನ್ನು ಗಾಳಿಯ ಧೂಳಿನ ಮೇಲೆ ಹಾಕಿದರು. ಆ ಭಾನುವಾರ ಹೊಸ ಮೋಟರು ಜೊಂಡಿನಲ್ಲಿ ಒಂದಷ್ಟು ದೂರ ಹೋಗಿ ನಿಂತಿತಂತೆ. ಮುಂದಿನ ಮೇಳದಲ್ಲಿ ಅವರು "ಸ್ವಲ್ಪ ಜೊಂಡಿಗೆ ಜಗ್ಗಲ್ಲ, ಜಾಸ್ತಿ ಜೊಂಡಿಗೆ ಜಗ್ತದೆ" ಎಂದು ಮೂರು ಭಾಷೆಯಲ್ಲಿ ಸಾರಿದರು. ಸುಧಾಕರ್ ಪಕ್ಕದಲ್ಲೇ ನಿಂತಿದ್ದ.

ಪರರ ಸರಕನ್ನು ಹೊಗಳಿ ಹೊಟ್ಟೆ ಹೊರೆಯುವ ಈ ಬಗೆಯ ಜನ ಸಾಧುಸಂತರೇನೂ ಅಲ್ಲ. ಗಿರಾಕಿಯನ್ನು ನಿಲ್ಲಿಸಲು ಮಾತಿಗೆ ಬೇಕಾದಷ್ಟು ಬಣ್ಣ ಹಚ್ಚುತ್ತಾರೆ. ನಿಜ ಹೇಳುವಾಗಲೂ ನಾಲ್ಕು ಜನ ನೋಡಲಿ ಎಂದು ಆಸೆಪಡುತ್ತಾರೆ. ಆ ಆಸೆಯಲ್ಲಿ ತಮ್ಮವರನ್ನೇ ನೋಯಿಸುವುದೂ ಉಂಟು. ಆದರೆ ಮಾರಿದ ಮೇಲೆ ಕಣ್ಮರೆಯಾಗುವ ಸೌಕರ್ಯ ಅವರಿಗಿಲ್ಲ. ಕೊಂಡವರ ನಡುವೆಯೇ ಅವರ ಮನೆ, ಅವರ ರೈಲು, ಅವರ ಮುಪ್ಪು. ದೊಡ್ಡ ಆದರ್ಶಗಳು ಕೈಕೊಟ್ಟ ಎಷ್ಟೋ ಕಡೆ ಲೋಕವ್ಯವಹಾರವನ್ನು ಒಂದಿಷ್ಟು ಪ್ರಾಮಾಣಿಕವಾಗಿ ಉಳಿಸಿರುವುದು, ನಾಳೆ ಮತ್ತೆ ಅದೇ ಜನರ ಮುಂದೆ ತಲೆಯೆತ್ತಿ ನಡೆಯಬೇಕಲ್ಲ ಎಂಬ ಈ ಸಣ್ಣ ಅಳುಕೇ ಇರಬೇಕು.